ಡಬ್ಬದಲ್ಲಿದ್ದದ್ದು ಇಸ್ವಾಣವಲ್ಲ

ಮದುವೆ ಊಟದ ಪಂಕ್ತಿಯಲ್ಲಿ ಎಲೆ ಬಿಟ್ಟು ಅರ್ಧಕ್ಕೇ ಎದ್ದು ಹೋದ ಹೆಂಗಸನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಕುಮಟೆಯ ಒಂದು ಮದುವೆ ಹಾಲ್‌ನಲ್ಲಿ. ಎಲೆಯ ಮೇಲೆ ಅನ್ನ, ಸಾರು ಹಾಗೇ ಇತ್ತು. ಪಾಯಸ ಬಡಿಸುವವನು ಸೌಟು ಎತ್ತಿಕೊಂಡೇ ನಿಂತಿದ್ದ. ಆಕೆ ಕೈಯನ್ನೂ ಸರಿಯಾಗಿ ತೊಳೆಯದೆ, ಚಪ್ಪಲಿ ಹುಡುಕಿಕೊಂಡು, ಗೇಟು ದಾಟಿ ಹೊರಟೇ ಹೋದಳು.

ಆಕೆ ನನ್ನ ಹೆಂಡತಿ.

ಯಾಕೆ ಎದ್ದಳು ಎಂದು ಅಕ್ಕಪಕ್ಕದವರು ಕೇಳಿದರು. "ಲ್ಯಾಬಿನಿಂದ ಅರ್ಜೆಂಟ್ ಫೋನ್ ಬಂತು" ಅಂದೆ. ಸುಳ್ಳು. ಅವತ್ತು ನಾನು ಹೇಳಿದ ಎರಡನೆಯ ಸುಳ್ಳು ಅದು. ಮೊದಲನೆಯದನ್ನು ಬೆಳಿಗ್ಗೆ ಮನೆಯಲ್ಲೇ ಹೇಳಿ ಮುಗಿಸಿದ್ದೆ. ಇವತ್ತಿನ ಕಥೆ ಆ ಮೊದಲನೆಯದ್ದು. ಹೇಳಲು ನಾಚಿಕೆಯಾಗುತ್ತದೆ. ಆದರೆ ವಾರ ವಾರ ಊರವರ ಸಣ್ಣತನಗಳನ್ನೆಲ್ಲ ಇಲ್ಲಿ ಬರೆದು ನಿಮ್ಮಿಂದ ಶಭಾಷ್ ಅನ್ನಿಸಿಕೊಂಡವನು ತನ್ನದನ್ನು ಮಾತ್ರ ಮುಚ್ಚಿಟ್ಟುಕೊಂಡರೆ ಹೇಗೆ?

ವಿಷಯ ಹಲ್ಲಿಯದ್ದು.

ನಕ್ಕಿರಾ? ನೋಡಿ, ಇದೇ. ಇದೇ ನಗುವಿಗೆ ಹೆದರಿ ಇಷ್ಟೆಲ್ಲ ಆದದ್ದು.

ನಮ್ಮ ಮನೆ ಹೊನ್ನಾವರದಲ್ಲಿ. ನಾನು ದಿನಾ ಬಸ್ಸು ಹತ್ತಿ ಕುಮಟೆಗೆ ಹೋಗಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಹೆಂಡತಿ ಸುಧಾ ಹೊನ್ನಾವರದಲ್ಲೇ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮಗಳು ಮದುವೆಯಾಗಿ ಕಾರವಾರದಲ್ಲಿದ್ದಾಳೆ. ಸುಧಾಳ ಲ್ಯಾಬಿನ ಡಾಕ್ಟರ ಮಗಳು ಮನೆಯಲ್ಲಿ ಲೆಪರ್ಡ್ ಗೆಕ್ಕೊ ಎಂಬ ಜಾತಿಯ ಹಲ್ಲಿ ಸಾಕಿದ್ದಳು. ಒಂದು ಗಂಡು, ಒಂದು ಹೆಣ್ಣು. ಅವಳು ಓದಲಿಕ್ಕೆ ಮಂಗಳೂರಿಗೆ ಹೋದ ಮೇಲೆ ಡಾಕ್ಟರ ಹೆಂಡತಿ "ಇದನ್ನು ನಾ ಸಾಕೂದಿಲ್ಲ" ಎಂದು ಹಟ ಹಿಡಿದರಂತೆ. ಗಂಡನ್ನು ಯಾರೋ ಒಯ್ದರು. ಹೆಣ್ಣು, ಅದರ ಗಾಜಿನ ತೊಟ್ಟಿಯ ಸಮೇತ, ರಿಕ್ಷಾದಲ್ಲಿ ನಮ್ಮ ಮನೆಗೆ ಬಂತು. (ಇದು ಹೊರದೇಶದ ತಳಿ, ಕಾಗದಪತ್ರ ಸರಿಯಿದೆ. ಅರಣ್ಯ ಇಲಾಖೆಯಲ್ಲಿರುವ ಓದುಗರು ಗಾಬರಿ ಬೀಳಬೇಕಾಗಿಲ್ಲ.)

"ಸಾಕಲಾ?" ಎಂದು ಸುಧಾ ನನ್ನನ್ನು ಕೇಳಿದ್ದಳು. ನಾನು "ಅಡ್ಡಿಲ್ಲ" ಅಂದೆ.

ನಮ್ಮ ಕಡೆಯ ಈ 'ಅಡ್ಡಿಲ್ಲ' ನಿಮಗೆ ಗೊತ್ತಲ್ಲ? ಊಟ ಹೇಗಿತ್ತು? ಅಡ್ಡಿಲ್ಲ. ಹುಡುಗ ಹೇಗಿದ್ದಾನೆ? ಅಡ್ಡಿಲ್ಲ. ಆಪರೇಷನ್ ಆದ ಮೇಲೆ ಹೇಗಿದ್ದೀರಿ? ಅಡ್ಡಿಲ್ಲ. ಹೌದು ಅಂದಂತೆಯೂ ಆಯಿತು, ಅಲ್ಲ ಅಂದಂತೆಯೂ ಆಯಿತು. ನಾಳೆ ಏನಾದರೂ ಎಡವಟ್ಟಾದರೆ "ನಾನು ಹೂಂ ಅಂದಿರಲಿಲ್ಲ" ಎಂದು ಜಾರಿಕೊಳ್ಳಲು ದಾರಿಯೂ ಇರುತ್ತದೆ. ನಾನಂತೂ ಇದೇ ಒಂದು ಶಬ್ದದ ಮೇಲೆ ಇಷ್ಟು ವರ್ಷ ಸಂಸಾರ ಮಾಡಿಕೊಂಡು ಬಂದವನು.

ಮೈಯೆಲ್ಲ ಅಬ್ಬಲಿಗೆ, ಅಂದರೆ ಕನಕಾಂಬರ ಹೂವಿನ ಬಣ್ಣ, ಅದರ ಮೇಲೆ ಕಪ್ಪು ಚುಕ್ಕೆ. ಸುಧಾ ಅದಕ್ಕೆ ಅಬ್ಬಲಿ ಎಂದೇ ಹೆಸರಿಟ್ಟಳು. ಗೋಡೆಯ ಹಲ್ಲಿಯ ಹಾಗೆ ಗೋಡೆ ಹತ್ತುವುದಿಲ್ಲ, ಲೊಚಗುಟ್ಟುವುದಿಲ್ಲ. ತೊಟ್ಟಿಯೊಳಗೆ ಒಂದು ಹಂಚಿನ ಚೂರಿನ ಕೆಳಗೆ ಮಲಗಿರುತ್ತದೆ. ಸಂಜೆ ಸುಧಾ ಬಂದ ಸದ್ದಾದರೆ ತಲೆ ಹೊರಗೆ ಹಾಕುತ್ತದೆ. ಅದಕ್ಕೆ ಮೇವು ಎಂದು ಅಡುಗೆಮನೆಯ ಕಪಾಟಿನಲ್ಲಿ ಓಟ್ಸ್ ತುಂಬಿದ ಡಬ್ಬಿಯಲ್ಲಿ ಹುಳ ಬೆಳೆಸುತ್ತಾಳೆ. (ನನ್ನ ಚಾಪುಡಿ ಡಬ್ಬಿಯ ಪಕ್ಕದಲ್ಲೇ. ಇರಲಿ.)

ನಿಜ ಹೇಳುತ್ತೇನೆ, ಅಬ್ಬಲಿಯಿಂದ ನನಗೇನೂ ತೊಂದರೆ ಆಗಿರಲಿಲ್ಲ. ತೊಂದರೆ ಇದ್ದದ್ದು ಜನರದ್ದು. ನಾಯಿ ಸಾಕಿದ್ದೇವೆ ಎಂದು ಹೇಳಬಹುದು. ಬೆಕ್ಕು, ಗಿಳಿ, ಮೊಲ, ಎಲ್ಲ ಹೇಳಬಹುದು. "ಹಲ್ಲಿ ಸಾಕಿದ್ದೇವೆ" ಎಂದು ಸ್ಟಾಫ್‌ರೂಮಿನಲ್ಲಿ ಹೇಳುವುದು ಹೇಗೆ? ಒಮ್ಮೆ ಧೈರ್ಯ ಮಾಡಿ "ಗೆಕ್ಕೊ" ಅಂದೆ. "ಹಾಗಂದ್ರೆ ಎಂತ?" ಎಂದು ಒಬ್ಬರು ಕೇಳಿದರು. "ಒಂದು ಜಾತಿ ಅಕ್ವೇರಿಯಮ್ ಪ್ರಾಣಿ" ಎಂದು ಮಾತು ಹಾರಿಸಿದೆ. ಎಷ್ಟು ಚಂದ ನೋಡಿ! ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂದು ಪಂಚಾಂಗ ತೆಗೆದು ನೋಡುವವರನ್ನು ಇದೇ ಅಂಕಣದಲ್ಲಿ ನಾನು ಹಿಗ್ಗಾಮುಗ್ಗಾ ಲೇವಡಿ ಮಾಡಿದ್ದೆ. ನಿಮ್ಮಲ್ಲಿ ಹಲವರು ಮೆಚ್ಚಿ ಫೋನ್ ಮಾಡಿದ್ದಿರಿ. ಆ ಫೋನುಗಳನ್ನೆಲ್ಲ ನಾನು ಎತ್ತಿದ್ದು ಅಬ್ಬಲಿಯ ತೊಟ್ಟಿಯ ಮೇಲೆ ಟವೆಲ್ ಹೊದೆಸಿ, ಅದರ ಪಕ್ಕದ ಕುರ್ಚಿಯಲ್ಲಿ ಕೂತು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅಬ್ಬಲಿ ಎರಡು ಮೊಟ್ಟೆ ಇಟ್ಟಳು.

ಸುಧಾಳ ಮುಖ ನೋಡಬೇಕಿತ್ತು ನೀವು. ಈ ಜಾತಿಯ ಹೆಣ್ಣು, ಗಂಡಿನಿಂದ ದೂರವಾದ ಮೇಲೂ ಸ್ವಲ್ಪ ಕಾಲ ಮೊಟ್ಟೆ ಇಡಬಲ್ಲದಂತೆ. ಕೋಳಿ ಮೊಟ್ಟೆಯ ಹಾಗೆ ಗಟ್ಟಿ ಚಿಪ್ಪಲ್ಲ. ಒದ್ದೆ ಚರ್ಮದ ಹಾಗೆ ಮೆತ್ತಗೆ. ತಾಯಿ ಕಾವು ಕೊಡುವುದಿಲ್ಲ, ನಾವೇ ಬೆಚ್ಚಗಿಡಬೇಕು. ಇಟ್ಟ ಮೊಟ್ಟೆಯ ಮಗ್ಗಲು ಬದಲಿಸಬಾರದು. ಬದಲಿಸಿದರೆ ಒಳಗಿನ ಜೀವ ಉಳಿಯುವುದು ಕಷ್ಟ. ಅದಕ್ಕೇ ಸುಧಾ ಮಾರ್ಕರ್ ಪೆನ್ನಿನಲ್ಲಿ ಎರಡರ ನೆತ್ತಿಯ ಮೇಲೂ ಒಂದೊಂದು ಚುಕ್ಕೆ ಇಟ್ಟಳು. ಇನ್ನೊಂದು ಸಂಗತಿ ಕೇಳಿ. ಮರಿ ಗಂಡೋ ಹೆಣ್ಣೋ ಎಂಬುದು ಬಹುಮಟ್ಟಿಗೆ ನಾವು ಕೊಡುವ ಬಿಸಿಯ ಮೇಲೆ ಹೋಗುತ್ತದಂತೆ. "ಎಂತ ಬೇಕು ನಿಮಗೆ?" ಎಂದು ಅವಳು ನಗುತ್ತ ಕೇಳಿದಳು. ನಾನು ಪೇಪರಿನಿಂದ ತಲೆ ಎತ್ತದೆ "ಎಂತಾದ್ರೂ ಅಡ್ಡಿಲ್ಲ" ಅಂದೆ.

ಕಾವು ಕೊಡುವ ಪೆಟ್ಟಿಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಬೆಲೆ ನೋಡಿ ಸುಧಾ ಫೋನ್ ಕೆಳಗಿಟ್ಟಳು. ಲ್ಯಾಬಿನಲ್ಲಿ ಇನ್‌ಕ್ಯುಬೇಟರ್ ಇದೆ, ಆದರೆ ಅದು ರೋಗಿಗಳ ಕಫ, ಮೂತ್ರ ಇಡುವ ಜಾಗ. ಮತ್ತೇನು ಮಾಡುವುದು? ಹೊನ್ನಾವರದ ಮೀನು ಮಾರ್ಕೆಟ್ಟಿಗೆ ಹೋಗಿ ಒಂದು ಥರ್ಮಾಕೋಲ್ ಬಾಕ್ಸ್ ತಂದಳು. ಐಸ್ ಹಾಕಿ ಮೀನು ತುಂಬಿಸಿ ಕಳಿಸುತ್ತಾರಲ್ಲ, ಆ ಬಿಳಿ ಬಾಕ್ಸು. ಖಾಲಿಯಾದದ್ದನ್ನು ಮೀನಿನವಳು ಸುಮ್ಮನೇ ಕೊಟ್ಟಳು. ತಂಪು ಹಿಡಿದಿಡುವ ಬಾಕ್ಸಿಗೆ ಬಿಸಿ ಹಿಡಿದಿಡಲು ಏನು ಕಷ್ಟ?

ಸೋಪು, ಲಿಂಬೆಸಿಪ್ಪೆ ಹಾಕಿ ತಿಕ್ಕಿ, ಬಿಸಿಲಿಗಿಟ್ಟು ಒಣಗಿಸಿದಳು. ವಾಸನೆ ಪೂರ್ತಿ ಹೋಗಲಿಲ್ಲ. ಮಗಳು ಬಂದಾಗ ತಂದಿದ್ದ ಐಸ್‌ಕ್ರೀಮಿನ ಖಾಲಿ ಡಬ್ಬಕ್ಕೆ ಕಾದ ಸೂಜಿಯಿಂದ ತೂತು ಮಾಡಿ, ಒಳಗೆ ಒದ್ದೆ ತೆಂಗಿನ ನಾರಿನ ಪುಡಿ ಹಾಸಿ, ಅದರಲ್ಲಿ ಮೊಟ್ಟೆಗಳನ್ನು ಅರ್ಧ ಹುಗಿದು ಮುಚ್ಚಳ ಹಾಕಿದಳು. ಆ ಡಬ್ಬ ಥರ್ಮಾಕೋಲ್ ಬಾಕ್ಸಿನೊಳಗೆ. ಡಬ್ಬದ ಎರಡೂ ಬದಿಗೆ ಬಿಸಿನೀರು ತುಂಬಿದ ಎರಡು ಪ್ಲಾಸ್ಟಿಕ್ ಬಾಟಲಿ. ಒಂದು ಸಣ್ಣ ಥರ್ಮಾಮೀಟರ್. ಬೆಳಿಗ್ಗೆ, ಸಂಜೆ ಬಾಟಲಿಯ ನೀರು ಬದಲಿಸುವುದು. ಇಷ್ಟೇ ಇನ್‌ಕ್ಯುಬೇಟರ್. ಕರೆಂಟು ಹೋದರೂ ಚಿಂತೆಯಿಲ್ಲ. ಹಗಲು ನಮ್ಮ ಕರಾವಳಿಯ ಸೆಕೆಯೇ ಅರ್ಧ ಕೆಲಸ ಮಾಡುತ್ತದೆ.

ಒಂದು ಸಂಜೆ ಸುಧಾ ನನ್ನನ್ನು ಕರೆದಳು. ದೀಪ ಆರಿಸಿ, ಮೊಟ್ಟೆಯನ್ನು ಕದಲಿಸದೆ ಪಕ್ಕದಿಂದ ಸಣ್ಣ ಟಾರ್ಚ್ ಹಿಡಿದಳು. ಒಳಗೆಲ್ಲ ನಸುಗೆಂಪು. ಅದರ ನಡುವೆ ಕೆಂಪು ದಾರದಂಥ ನರಗಳು. ನನ್ನ ಎದೆ ಝಲ್ಲೆಂದಿತು. ಹೌದು, ಆಯಿತು. ಸುಳ್ಳು ಯಾಕೆ ಹೇಳಲಿ.

"ಹೇಗಿದ್ದು?" ಅಂದಳು.

"ಅಡ್ಡಿಲ್ಲ" ಅಂದೆ.

ಅವಳು ಟಾರ್ಚ್ ಆರಿಸಿದಳು. ಆಮೇಲೆ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, "ನಮ್ಮ ಲ್ಯಾಬಿಗೆ ಖುಷಿಯಿಂದ ಯಾರೂ ಬರೂದಿಲ್ಲ ಗೊತ್ತಿದ್ಯಾ. ಎಲ್ಲರೂ ಹೆದರ್ಕೊಂಡೇ ಬರೂದು. ರಿಪೋರ್ಟ್ ಕೈಗೆ ಕೊಡುವಾಗ ಅವರ ಮುಖ ನೋಡೂಕೆ ಆಗೂದಿಲ್ಲ ನಂಗೆ. ಮನೆಗೆ ಬಂದು ಇದನ್ನ ನೋಡಿದ್ರೆ, ಒಂದಾದ್ರೂ ಒಳ್ಳೇದು ಆಗ್ತಾ ಉಂಟು ಅನ್ಸ್ತದೆ" ಅಂದಳು.

ಈಗ ಆ ಮದುವೆಯ ದಿನಕ್ಕೆ ಬರೋಣ.

ಕುಮಟೆಯಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆ. ನನ್ನ ಅಕ್ಕ ಭಟ್ಕಳದ ಹತ್ತಿರ ಮುಟ್ಟಳ್ಳಿಯವಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ನಮ್ಮ ಮನೆಗೆ ಬಂದು, ಇಲ್ಲಿಂದ ನನ್ನ ಜೊತೆ ಕುಮಟೆಗೆ ಹೋಗುವುದೆಂದು ಮಾತಾಗಿತ್ತು. ಸುಧಾಳಿಗೆ ರಜೆ ಸಿಕ್ಕಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬರುವ ರೋಗಿಗಳ ರಕ್ತ ತೆಗೆದು, ಅಲ್ಲಿಂದಲೇ ನೇರ ಹಾಲ್‌ಗೆ ಬರುತ್ತೇನೆಂದು ಮಬ್ಬಿನಲ್ಲೇ ಹೋಗಿದ್ದಳು. ಹೋಗುವ ಮುಂಚೆ ಬಾಟಲಿಗಳಿಗೆ ಹೊಸ ಬಿಸಿನೀರು ತುಂಬಿಸಿದ್ದಳು. ಅಬ್ಬಲಿಯ ತೊಟ್ಟಿಯನ್ನು ನಾನು ಹಿಂದಿನ ದಿನವೇ ಮಲಗುವ ಕೋಣೆಗೆ ಸಾಗಿಸಿ ಬಾಗಿಲು ಎಳೆದುಕೊಂಡಿದ್ದೆ. ಥರ್ಮಾಕೋಲ್ ಬಾಕ್ಸನ್ನು ಮಾತ್ರ ಅಲುಗಿಸಬಾರದೆಂದು ಸುಧಾ ಹೇಳಿದ್ದಳು. ಅದು ನಡುಮನೆಯಲ್ಲಿ, ಸೋಫಾದ ಹಿಂದೆಯೇ ಇತ್ತು.

ಅಕ್ಕ ಬಂದಳು. ಚಾ ಕುಡಿದಳು. ಕಣ್ಣು ಸೋಫಾದ ಹಿಂದೆ ಹೋಯಿತು.

"ಎಂತದಾ ತಮ್ಮಾ ಅದು, ಬಾಕ್ಸು?"

ಒಂದು ಕ್ಷಣ ಇತ್ತು ನನ್ನ ಕೈಯಲ್ಲಿ. ಹಲ್ಲಿ ಮೊಟ್ಟೆ ಅಕ್ಕಾ, ಸುಧಾ ಸಾಕಿದ್ದು, ಬಾ ತೋರಿಸ್ತೇನೆ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಮದುವೆ ಹಾಲ್ ಬಂದು ನಿಂತಿತು. ನೆಂಟರೆಲ್ಲ ಸೇರಿದ್ದಾರೆ. ಅಕ್ಕ ನಗುನಗುತ್ತಾ ಹೇಳುತ್ತಿದ್ದಾಳೆ. "ನಿನ್ನ ಹೆಂಡ್ತಿಗೆ ಎಂತ ಆಗಿದ್ಯಾ?" ಎಂದು ಚಿಕ್ಕಪ್ಪ ಕೇಳುತ್ತಿದ್ದಾರೆ. ಪೇಪರಿಗೆ ಬರೆಯುವ ಲೆಕ್ಚರರ ಮನೆಯಲ್ಲಿ ಹಲ್ಲಿ ಬಾಣಂತನ!

"ಅದಾ? ಮೀನು" ಅಂದೆ.

"ಯಾವ ಮೀನಾ?"

"ಇಸ್ವಾಣ. ತೆಂಗಿನಗುಂಡಿ ಬಂದರಿಂದ ಒಬ್ರು ಪರಿಚಯದವ್ರು ಕಳಿಸಿದ್ದು. ನಾಳೆಗೆ ಅಂತ."

ಸುಳ್ಳು ಹೇಳುವವನಿಗೆ ಒಂದು ಕೆಟ್ಟ ಚಾಳಿಯಿರುತ್ತದೆ. ಒಂದು ಶಬ್ದದಲ್ಲಿ ನಿಲ್ಲಿಸುವುದಿಲ್ಲ. ಯಾವ ಮೀನು, ಎಲ್ಲಿಯದ್ದು, ಯಾವಾಗ ತಿನ್ನುವುದು, ಎಲ್ಲ ಸೇರಿಸಿ ಸುಳ್ಳನ್ನು ರುಚಿಕಟ್ಟು ಮಾಡುತ್ತಾನೆ. ನಾನೂ ಮಾಡಿದೆ. ಮಾಡಿ, ಟವೆಲ್ ಹೆಗಲಿಗೆ ಹಾಕಿಕೊಂಡು ನಿಶ್ಚಿಂತೆಯಿಂದ ಬಚ್ಚಲಿಗೆ ಹೋದೆ.

ಕರಾವಳಿಯ ಹೆಂಗಸಿಗೆ ಮನೆಯಲ್ಲಿ ಇಸ್ವಾಣ ಇದೆ ಎಂದು ಹೇಳಿ ಸುಮ್ಮನೆ ಕೂರು ಅಂದರೆ ಕೂರುತ್ತಾಳೆಯೇ? ಅದೂ ಮನೆಯವರೆಲ್ಲ ಸಂಜೆಯವರೆಗೆ ಹೊರಗೆ ಹೋಗುವ ದಿನ? ಅಕ್ಕ ಬಾಕ್ಸಿನ ಮುಚ್ಚಳ ತೆಗೆದಳು. ಮೀನಿನ ವಾಸನೆ ಇತ್ತು. ಒಳಗೆ ಎರಡು ಬಾಟಲಿ ನೀರು. ಬಸ್ಸಿನಲ್ಲಿ ಮೀನು ತರುವಾಗ ಐಸ್ ಸಿಗದಿದ್ದರೆ ನಾವೆಲ್ಲ ಏನು ಮಾಡುತ್ತೇವೆ? ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಇಡುತ್ತೇವೆ. ಅಕ್ಕ ಬಾಟಲಿ ಮುಟ್ಟಿ ನೋಡಿದಳು. ಐಸ್ ಕರಗಿದ್ದಷ್ಟೇ ಅಲ್ಲ, ನೀರು ಬೆಚ್ಚಗೇ ಆಗಿಹೋಗಿದೆ! ನಡುವೆ ಐಸ್‌ಕ್ರೀಮಿನ ಡಬ್ಬ. ನಮ್ಮ ಕಡೆ ಯಾರ ಮನೆಯ ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಡಬ್ಬ ಕಂಡರೂ ಮಕ್ಕಳಿಗೆ ಸಹ ಗೊತ್ತು, ಒಳಗಿರುವುದು ಐಸ್‌ಕ್ರೀಮಲ್ಲ, ಶೆಟ್ಲಿಯೋ ಬಂಗಡೆಯೋ ಯಾವುದೋ ಮೀನು ಎಂದು. ಅಕ್ಕ ಮದುವೆಗೆಂದು ರೇಷ್ಮೆ ಸೀರೆ ಉಟ್ಟಿದ್ದಳು. ಡಬ್ಬ ತೆರೆದರೆ ಕೈ ವಾಸನೆ ಬರುತ್ತದೆಂದು ತೆರೆಯಲಿಲ್ಲ. ಎರಡು ಬೆರಳಲ್ಲಿ ಎತ್ತಿ ಒಯ್ದು, ಬಟಾಣಿ ಪ್ಯಾಕೆಟ್ ಪಕ್ಕಕ್ಕೆ ಸರಿಸಿ, ಫ್ರೀಜರಿನಲ್ಲಿ ಅಡ್ಡಡ್ಡ ತುರುಕಿದಳು.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಬಚ್ಚಲಿನಿಂದ ಬಂದು ಅಂಗಿ ಹಾಕಿಕೊಂಡು ಬೀಗ ಹಾಕಿ ಹೊರಟೆವು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಮದುವೆ ಚೆನ್ನಾಗಿ ಆಯಿತು. ಸುಧಾ ಸಮಯಕ್ಕೆ ಸರಿಯಾಗಿ ಬಂದಳು. ಪಂಕ್ತಿಯಲ್ಲಿ ನಾವು ಮೂವರೂ ಸಾಲಾಗಿ ಕೂತೆವು. ಅಕ್ಕ ನಡುವೆ.

ಅನ್ನದ ಮೇಲೆ ಸಾರು ಬಿತ್ತು. ಅಕ್ಕ ಸುಧಾಳ ಕಡೆ ವಾಲಿ ಹೇಳಿದಳು:

"ಸುಧಾ, ನೀ ಮೀನಿನ ಚಿಂತೆ ಮಾಡ್ಬೇಡ. ಐಸ್ ಎಲ್ಲ ಕರಗಿ ನೀರಾಗಿತ್ತು. ನಾ ಡಬ್ಬ ಎತ್ತಿ ಫ್ರೀಜರಿಗೆ ಹಾಕಿದೆ."

"ಯಾವ ಮೀನು ಅತ್ತಿಗೆ?"

"ಇಸ್ವಾಣ ಮಾರಾಯ್ತಿ. ಬಿಳಿ ಬಾಕ್ಸಲ್ಲಿತ್ತಲ. ಅದ್ರೊಳಗೆ ಥರ್ಮಾಮೀಟರ್ ಬೇರೆ! ಓದಿದವ್ರ ಮನೇಲಿ ಮೀನಿಗೂ ಜ್ವರ ನೋಡ್ತಾರಾ ಅಂತ ನಂಗೆ ನಗೆ ಬಂತು."

ಸುಧಾ ಅಕ್ಕನನ್ನು ನೋಡಲಿಲ್ಲ. ಅಕ್ಕನ ಆಚೆ ಕೂತಿದ್ದ ನನ್ನನ್ನು ನೋಡಿದಳು. ಕೇಳಬೇಕಾದ್ದನ್ನೆಲ್ಲ ಕೇಳಿ, ಉತ್ತರವನ್ನೂ ತಾನೇ ಪಡೆದುಕೊಂಡ ನೋಟ ಅದು. ನಾನು ಎಲೆಯ ಮೇಲಿನ ಉಪ್ಪಿನಕಾಯಿ ನೋಡುತ್ತಾ ಕೂತೆ. ಮರುಕ್ಷಣ ಅವಳು ಎದ್ದು ಹೋಗಿದ್ದಳು.

"ಎಂತಾತಾ? ಹೋಗಾ, ಅವಳ ಹಿಂದೆ ಹೋಗಾ!" ಅಂದಳು ಅಕ್ಕ.

ಹೋಗಬೇಕಿತ್ತು. ಯಾರಾದರೂ ಹೋಗುತ್ತಿದ್ದರು. ನಾನು ಹೋಗಲಿಲ್ಲ. ನಾನೂ ಎದ್ದರೆ ಇಡೀ ಪಂಕ್ತಿ ಏನೆಂದುಕೊಂಡೀತು ಎಂದು ಲೆಕ್ಕ ಹಾಕಿದೆ. ಲ್ಯಾಬಿನ ಫೋನಿನ ಸುಳ್ಳು ಹೇಳಿದೆ. ಪಾಯಸ ಹಾಕಿಸಿಕೊಂಡೆ. ಹಾಕಿಸಿಕೊಂಡು ಕುಡಿದೆ ಕೂಡ. ನಾಚಿಕೆ ಎಂಬ ಶಬ್ದ ಬರೆಯುವಾಗಲೆಲ್ಲ ಈಗ ನನ್ನ ಬಾಯಿಗೆ ಬರುವುದು ಆ ಪಾಯಸದ ರುಚಿ.

ಊಟ ಮುಗಿಸಿ, ಎಲ್ಲರಿಗೂ ಹೇಳಿ, ಅಕ್ಕನೊಂದಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳದ್ದು ಒಂದೇ ಪ್ರಶ್ನೆ. "ಫ್ರೀಜರಿಗೆ ಹಾಕ್ಬಾರದಾಗಿತ್ತಾ? ಯಾರಿಗಾದ್ರೂ ಕೊಡೂದಿತ್ತಾ ಆ ಮೀನು? ನಂಗೆ ಹೇಳಾ." ಆಗಲೂ ಹೇಳಬಹುದಿತ್ತು. ಒಂದು ಮೀನಿಗೆ ಸುಧಾ ಊಟ ಬಿಟ್ಟು ಹೋಗುವವಳಲ್ಲ ಎಂದು ಅಕ್ಕನಿಗೂ ಗೊತ್ತಿತ್ತು. ಶರಾವತಿ ಸೇತುವೆ ಸಿಗುವ ಮೊದಲೇ ನಮ್ಮ ಸ್ಟಾಪು. ಅಲ್ಲಿಯವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತಾ, ಬಾಯಿ ಹೊಲಿದುಕೊಂಡು ಕೂತೆ.

ಮನೆಯಲ್ಲಿ ಸುಧಾ ನೆಲದ ಮೇಲೆ ಕೂತಿದ್ದಳು. ಮದುವೆಯ ಸೀರೆಯಲ್ಲೇ. ಮುಂದೆ ಆ ಡಬ್ಬ. ನಾರಿನ ಪುಡಿ ಬಿಳಿ ಮಂಜು ಹಿಡಿದು ಹೆಪ್ಪುಗಟ್ಟಿತ್ತು. ಮೊಟ್ಟೆಗಳು ಒಂದು ಬದಿಗೆ ಉರುಳಿದ್ದವು. ನೆತ್ತಿಯ ಮೇಲಿದ್ದ ಚುಕ್ಕೆಗಳು ಕೆಳಗಾಗಿದ್ದವು. ಗಟ್ಟಿಯಾಗಿ, ಗೋಲಿಯ ಹಾಗೆ. ಟಾರ್ಚ್ ಪಕ್ಕದಲ್ಲಿ ಬಿದ್ದಿತ್ತು. ನೋಡಿ ಮುಗಿದಿತ್ತು ಅವಳಿಗೆ.

ಅಕ್ಕ ಬಗ್ಗಿ ನೋಡಿದಳು. "ಇದೆಂತದೇ?"

"ಹಲ್ಲಿ ಮೊಟ್ಟೆ ಅತ್ತಿಗೆ. ನಾ ಸಾಕಿದ್ದು" ಅಂದಳು ಸುಧಾ. ಎಷ್ಟು ಸಲೀಸಾಗಿ ಅಂದಳು!

ಇನ್ನು ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ಆ ಹೊತ್ತಿನಲ್ಲಿ ನಾನು, ಪೇಪರಿನಲ್ಲಿ ನಿಮಗೆಲ್ಲ ನ್ಯಾಯ ನೀತಿ ಹೇಳುವವನು, ಅಕ್ಕನ ಕಡೆ ತಿರುಗಿ ಹೇಳಿದೆ: "ನೀನಾದ್ರೂ ಒಂದ್ಸಲ ಡಬ್ಬದ ಮುಚ್ಚಳ ತೆಗೆದು ನೋಡ್ಬಾರದಾಗಿತ್ತಾ ಅಕ್ಕಾ?"

ಅಕ್ಕನ ಮುಖ ಸಣ್ಣದಾಯಿತು. ನೀನೇ ಮೀನು ಅಂದೆಯಲ್ಲೋ ಎಂದು ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಬಹುದಿತ್ತು. ಹೇಳಲಿಲ್ಲ. ತಮ್ಮನ ಮರ್ಯಾದೆ ಅವನ ಹೆಂಡತಿಯ ಮುಂದೆ ಹೋಗಬಾರದೆಂದು ನುಂಗಿಕೊಂಡಳು. ಸೀರೆಯ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಸುಧಾಳ ಪಕ್ಕ ನೆಲದ ಮೇಲೆ ಕೂತಳು. "ತಪ್ಪಾತು ಮಗಾ. ನಂಗೆ ಗೊತ್ತಾಗ್ಲಿಲ್ಲ. ಒಳಗೆ ಜೀವ ಇತ್ತಾ?"

"ಇತ್ತು" ಅಂದಳು ಸುಧಾ. ಅಕ್ಕನ ಕೈ ಹಿಡಿದುಕೊಂಡಳು. "ನೀವೆಂತ ಮಾಡ್ತೀರಿ ಅತ್ತಿಗೆ. ಮೀನು ಅಂತ ಹೇಳಿದ್ದು ಯಾರು ಅಂತ ನಂಗೆ ಗೊತ್ತಿದ್ದು."

ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಶೂ ಬಿಚ್ಚುವುದೋ ಬೇಡವೋ ತಿಳಿಯದೆ.

ಅಕ್ಕ ನಗುತ್ತಾಳೆ ಎಂದು ನಾನು ಹೆದರಿದ್ದೆ ಅಲ್ಲವೇ? ಕೇಳಿ. ಅವಳು ಅಬ್ಬಲಿಯನ್ನು ನೋಡಬೇಕು ಅಂದಳು. ಸುಧಾ ಮಲಗುವ ಕೋಣೆಯಿಂದ ಅದನ್ನು ಅಂಗೈ ಮೇಲೆ ತಂದಳು. ಅಕ್ಕ ಒಂದಿಷ್ಟೂ ಹಿಂದೆ ಸರಿಯಲಿಲ್ಲ. ಮುಖ ಹತ್ತಿರ ತಂದು ನೋಡಿದಳು. "ಅಯ್ಯ, ಇದಕ್ಕೆ ರೆಪ್ಪೆ ಇದ್ಯಲೇ! ನಮ್ಮನೆ ಗೋಡೆ ಮೇಲಿನ ಹಲ್ಲಿಗೆ ರೆಪ್ಪೆನೇ ಇಲ್ಲ, ಕಣ್ಣು ನೆಕ್ಕೊಳ್ತದೆ. ಇದು ಮುಚ್ಚಿ ತೆಗೀತದೆ, ನೋಡೇ!" ಆಮೇಲೆ ಕೇಳಿದಳು. "ಮೊಟ್ಟೆ ಎಲ್ಲಿ ಅಂತ ಇದು ಹುಡುಕ್ತಾ?"

"ಇಲ್ಲ ಅತ್ತಿಗೆ. ಇಟ್ಟ ಮೇಲೆ ಮರೀತದೆ."

"ಅಷ್ಟಾದ್ರೂ ಒಳ್ಳೇದಾತು" ಅಂದಳು ಅಕ್ಕ.

ಈ ಹೆಂಗಸಿಗೆ ನಾನು ಇಸ್ವಾಣದ ಕಥೆ ಕಟ್ಟಿದ್ದೆ.

ಸುಧಾ ಆ ಮೊಟ್ಟೆಗಳನ್ನು ಕೂಡಲೇ ಬಿಸಾಡಲಿಲ್ಲ. ಹೊಸ ನಾರಿನ ಪುಡಿ ಹಾಕಿ, ಬಾಟಲಿಗಳಿಗೆ ಬಿಸಿನೀರು ತುಂಬಿ ಮತ್ತೆ ಬಾಕ್ಸಿನೊಳಗಿಟ್ಟಳು. ಆಸೆಯಿಂದಲ್ಲ. ಲ್ಯಾಬಿನವಳು, ಅವಳಿಗೆ ಗೊತ್ತಿತ್ತು. ಆದರೂ ಬೆಳಿಗ್ಗೆ ಸಂಜೆ ನೀರು ಬದಲಿಸಿದಳು. ಮೊಟ್ಟೆಗಳು ಕುಗ್ಗಿ, ಬೂಸ್ಟು ಬಂದ ಮೇಲೆ ಹಿತ್ತಿಲಿಗೆ ಒಯ್ದು ಹುಗಿದು ಬಂದು ಕೈ ತೊಳೆದಳು. ಅಷ್ಟೂ ದಿನ ನನ್ನ ಜೊತೆ ಜಗಳವಾಡಲಿಲ್ಲ. ಚಾ ಕೊಟ್ಟಳು, ಬುತ್ತಿ ಕಟ್ಟಿದಳು. ಜಗಳವಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕಡೆಗೆ ನಾನೇ ತಡೆಯಲಾರದೆ ಕೇಳಿದೆ. "ಏನಾದ್ರೂ ಹೇಳು ಸುಧಾ. ಹಲ್ಲಿ ಅಂತ ಹೇಳೂಕೆ ನಾಚಿಕೆ ಆತು, ಅದ್ಕೆ ಹಾಗೆ ಅಂದೆ."

ಅವಳು ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

"ಹಲ್ಲಿ ಬಗ್ಗೆ ನಾಚಿಕೆ ಆಗಿದ್ದಲ್ಲ ನಿಮಗೆ. ನನ್ನ ಬಗ್ಗೆ ನಾಚಿಕೆ ಆಗಿದ್ದು."

ಕಾಮರ್ಸ್ ಮೇಷ್ಟ್ರಿಗೆ ಇದನ್ನು ಅರಗಿಸಿಕೊ‍ಳ್ಳಲು ಹೊತ್ತು ಬೇಕಾಯಿತು. ಆದರೆ ನಿಜ. ಅಬ್ಬಲಿಯನ್ನು ಯಾರೋ ಪರಿಚಯದವರು ಸಾಕಿದ್ದರೆ ನಾನೇ ಮುಂದೆ ನಿಂತು ಇಲ್ಲಿ ಒಂದು ಚಂದದ ಅಂಕಣ ಬರೆಯುತ್ತಿದ್ದೆ. 'ಹೊಸ ಹವ್ಯಾಸ' ಎಂದು ಹೊಗಳುತ್ತಿದ್ದೆ. ನನ್ನ ಹೆಂಡತಿ ಸಾಕಿದಾಗ ಮಾತ್ರ ಅದು ಮುಚ್ಚಿಡಬೇಕಾದ ವಿಷಯವಾಯಿತು. ನಮ್ಮಂಥವರೇ ಹೀಗೆ. ಜಗತ್ತಿನ ಹೆಂಗಸರೆಲ್ಲ ತಮಗಿಷ್ಟ ಬಂದದ್ದು ಮಾಡಲಿ ಎಂದು ಭಾಷಣ ಬಿಗಿಯುತ್ತೇವೆ. ಮನೆಯವಳು ಒಂದು ಡಬ್ಬಿಯಲ್ಲಿ ಹುಳ ಬೆಳೆಸಿದರೆ, ನೆಂಟರು ಬರುವ ಮೊದಲು ಆ ಡಬ್ಬಿ ಎಲ್ಲಿಡಲಿ ಎಂದು ಒದ್ದಾಡುತ್ತೇವೆ. ನಿಮ್ಮ ಮನೆಯಲ್ಲಿ ಟವೆಲ್ ಹೊದೆಸಿಟ್ಟದ್ದು ಏನೂ ಇಲ್ಲವೇ? ಹೆಂಡತಿ ಹೊಸದಾಗಿ ಕಲಿಯುತ್ತಿರುವ ಹಾರ್ಮೋನಿಯಮ್? ಅವಳು ಬರೆದು ಯಾರಿಗೂ ತೋರಿಸದ ಕವಿತೆ? (ತೋರಿಸಿದ್ದಾಳೆ ಬಿಡಿ, ನೀವು "ಅಡ್ಡಿಲ್ಲ" ಅಂದಿರಬೇಕು.)

ಮುಟ್ಟಳ್ಳಿಗೆ ಫೋನ್ ಮಾಡಿ ಅಕ್ಕನ ಹತ್ತಿರ ಕ್ಷಮೆ ಕೇಳಿದೆ. ಎಲ್ಲ ಹೇಳಿದೆ. "ಆತು ಬಿಡಾ" ಅಂದಳು. ಆಮೇಲೆ, "ಅವಳತ್ರ ಕೇಳಿದ್ಯಾ?" ಅಂದಳು. ಕೇಳಿದ್ದೆ. ಸುಧಾ "ಹೂಂ" ಅಂದಿದ್ದಳು. ಆ 'ಹೂಂ' ನನ್ನ 'ಅಡ್ಡಿಲ್ಲ'ಕ್ಕೆ ಅಕ್ಕತಂಗಿಯ ಹಾಗೆ ಕೇಳಿಸಿತು.

ಹೋದ ವಾರ ಅಬ್ಬಲಿ ಮತ್ತೆ ಎರಡು ಮೊಟ್ಟೆ ಇಟ್ಟಳು.

ನಾನೇ ಮುಂದಾಗಿ ಬಾಕ್ಸು ತೊಳೆದೆ. ನಾರಿನ ಪುಡಿ ನೆನೆಸಿದೆ. ಬಾಟಲಿಗಳಿಗೆ ನೀರು ಕಾಯಿಸಿದೆ. ಇನ್ನು ಬೆಳಿಗ್ಗೆ ಸಂಜೆ ನಾನೇ ನೋಡಿಕೊಳ್ಳುತ್ತೇನೆ ಎಂದೂ ಹೇಳಿದೆ. ಸುಧಾ ಮೊಟ್ಟೆಗಳ ಮೇಲೆ ಚುಕ್ಕೆ ಇಟ್ಟು ಡಬ್ಬ ಮುಚ್ಚಿದಳು. ಆಮೇಲೆ ಫೋನ್ ತೆಗೆದು ಅಕ್ಕನಿಗೆ ಮಾಡಿದಳು. ಬಾಕ್ಸನ್ನು ತನ್ನ ಮನೆಗೆ ಒಯ್ಯಲು ಅಕ್ಕ ಮರುದಿನವೇ ಬಂದಳು. ಅಕ್ಕನ ಅಡುಗೆಮನೆಯ ಪಕ್ಕದ ಕೋಣೆ ಬೆಚ್ಚಗಿರುತ್ತದಂತೆ, ಅವಳು ಇಡೀ ದಿನ ಮನೆಯಲ್ಲೇ ಇರುತ್ತಾಳಂತೆ. ಸುಧಾ ಹೇಳಿದ ಕಾರಣ ಇಷ್ಟೇ. ನಾನೂ ಬೇರೆ ಕಾರಣ ಕೇಳಲಿಲ್ಲ.

ಬಸ್‌ಸ್ಟ್ಯಾಂಡಿಗೆ ಮೂವರೂ ಹೋದೆವು. ಅಕ್ಕ ಕಿಟಕಿಯ ಪಕ್ಕ ಕೂತು, ಥರ್ಮಾಕೋಲ್ ಬಾಕ್ಸನ್ನು ಅಲುಗದ ಹಾಗೆ ಮಡಿಲಲ್ಲಿ ಇಟ್ಟುಕೊಂಡಳು. ಕಂಡಕ್ಟರ್ ಬಂದವನೇ ಮೂಗು ಮುರಿದ. "ಅಮ್ಮಾ, ಮೀನಿನ ಬಾಕ್ಸ್ ಸೀಟಲ್ಲಿ ಇಡೂಹಾಂಗಿಲ್ಲ. ಹಿಂದೆ ಹಾಕಿ."

"ಮೀನಲ್ಲ ಮಾರಾಯ" ಅಂದಳು ಅಕ್ಕ, ಹೊರಗೆ ನಿಂತ ನಮಗೂ ಕೇಳಿಸುವಷ್ಟು ಗಟ್ಟಿಯಾಗಿ. "ಹಲ್ಲಿ ಮೊಟ್ಟೆ. ನನ್ನ ತಮ್ಮನ ಹೆಂಡ್ತಿ ಸಾಕಿದ್ದು. ಅಲುಗಾಡಿದ್ರೆ ಹಾಳಾಗ್ತದೆ, ನೀ ಡ್ರೈವರಿಗೆ ಸ್ವಲ್ಪ ನಿಧಾನ ಹೊಡೀಲಿಕ್ಕೆ ಹೇಳು."

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು ಮೊದಲು ಹಿಂದೆ ಸರಿದು, ಆಮೇಲೆ ಕುತ್ತಿಗೆ ಚಾಚಿ ಏನೋ ಕೇಳಿದಳು. ಅಕ್ಕ ಉತ್ಸಾಹದಿಂದ ಹೇಳಲು ಶುರು ಮಾಡಿದಳು. ಬಸ್ಸು ಹೊರಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಸುಧಾ ಕಿಟಕಿಯ ಕಡೆ ಕೈ ಬೀಸುತ್ತಾ ನಗುತ್ತಿದ್ದಳು. ಮದುವೆಯ ದಿನದಿಂದ ಈಚೆಗೆ ನಾನು ನೋಡಿದ ಅವಳ ಮೊದಲ ನಗು. ಅದು ನನ್ನ ಕಡೆಗಿರಲಿಲ್ಲ.

ಇದನ್ನೆಲ್ಲ ಬರೆಯಲಾ ಎಂದು ಅವಳನ್ನು ಕೇಳಿದೆ. "ಬರೀರಿ. ಇದ್ದದ್ದು ಇದ್ದ ಹಾಗೆ ಬರೀರಿ" ಅಂದಳು. ಬರೆದಿದ್ದೇನೆ.

ಗೊತ್ತಿಲ್ಲದೆ ಎರಡು ಮೊಟ್ಟೆಗಳನ್ನು ಫ್ರೀಜರಿಗೆ ಹಾಕಿದವಳ ಕೈಗೆ ನನ್ನ ಹೆಂಡತಿ ಮತ್ತೆ ಎರಡು ಮೊಟ್ಟೆ ಕೊಟ್ಟಳು. ಗೊತ್ತಿದ್ದೂ ಒಂದು ಸುಳ್ಳು ಮಾತು ಆಡಿದವನ ಕೈಗೆ ಕೊಡಲಿಲ್ಲ. ಹೇಳಿ, ನೀವಾಗಿದ್ದರೆ ನನಗೆ ಕೊಡುತ್ತಿದ್ದಿರಾ?